ಬೆಂಗಳೂರಿನ ಕಲಾ ಪ್ರದರ್ಶನಗಳ ಉದ್ಘಾಟನೆ: ಯಾವ ಸಂಜೆ ಯಾರಿಗೆ?

ವಾರದ ಕೊನೆ ಬಂತೆಂದರೆ ಬೆಂಗಳೂರಿನಲ್ಲಿ ಒಂದೇ ಸಂಜೆ ಎರಡು ಮೂರು ಕಲಾ ಪ್ರದರ್ಶನಗಳು ಶುರುವಾಗುವುದುಂಟು. ಕುಮಾರಕೃಪಾ ರಸ್ತೆಯಲ್ಲಿ ಒಂದು, ವಿಲ್ಸನ್ ಗಾರ್ಡನ್‌ನಲ್ಲಿ ಇನ್ನೊಂದು, ಶಾಂತಿನಗರದಲ್ಲಿ ಮತ್ತೊಂದು. ಎಲ್ಲದಕ್ಕೂ ಹೆಚ್ಚುಕಡಿಮೆ ಆರು, ಆರೂವರೆಯ ಹೊತ್ತು. ಈ ಊರಿನ ಟ್ರಾಫಿಕ್‌ನಲ್ಲಿ ಒಂದನ್ನು ಹಿಡಿದರೆ ಇನ್ನೆರಡು ಕೈತಪ್ಪಿದಂತೆಯೇ. ಹಾಗಾಗಿ ‘ಯಾವುದಕ್ಕೆ ಹೋಗಲಿ?’ ಎಂದು ಕೇಳುವವರು ಬಹಳ. ಕಲಾಶಾಲೆಯ ಹುಡುಗರು ಕೇಳುತ್ತಾರೆ. ಹೊಸ ಮನೆಯ ಗೋಡೆಗೆ ಒಂದು ಒಳ್ಳೆಯ ಚಿತ್ರ ಬೇಕೆನ್ನುವ ದಂಪತಿ ಕೇಳುತ್ತಾರೆ. ನಿವೃತ್ತರಾದ ಮೇಲೆ ಇವೆಲ್ಲ ನೋಡಬೇಕೆಂದುಕೊಂಡವರು ಕೇಳುತ್ತಾರೆ. ಇವರಲ್ಲಿ ಬಹುಪಾಲು ಜನ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: ‘ನಮ್ಮಂಥವರನ್ನು ಒಳಗೆ ಬಿಡ್ತಾರಾ?’

ಬಿಡುತ್ತಾರೆ. ಈ ನಗರದ ಬಹುತೇಕ ಉದ್ಘಾಟನೆಗಳಿಗೆ ಯಾರು ಬೇಕಾದರೂ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ಕಲೆಯ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಕೊಳ್ಳುವ ಉದ್ದೇಶ ಇಲ್ಲದಿದ್ದರೂ ನಡೆಯುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಗೇಟಿನ ತನಕ ಬಂದು ಒಳಗಿನ ಜನರ ಬಟ್ಟೆಬರೆ, ಇಂಗ್ಲಿಷು ಕಂಡು ಹಿಂತಿರುಗಿದವರನ್ನು ನಾನು ನೋಡಿದ್ದೇನೆ. ಕನ್ನಡದ ನೋಡುಗರು ಹಾಗೆ ಹಿಂತಿರುಗಿದರೆ ನಷ್ಟ ಅವರೊಬ್ಬರಿಗಲ್ಲ, ಆ ಕಲಾವಿದರಿಗೂ ಆಗುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಉದ್ಘಾಟನೆಯ ಸಂಜೆ ಇರುವುದು ಜನರನ್ನು ಕಾಣುವುದಕ್ಕೆ. ಚಿತ್ರವನ್ನು ಸರಿಯಾಗಿ ನೋಡುವುದಕ್ಕೆ ಬೇರೆ ದಿನವೇ ಬೇಕು. ಆದ್ದರಿಂದ ಯಾವ ಸಂಜೆ ಎಂಬುದನ್ನು ಗ್ಯಾಲರಿಯ ಹೆಸರು ನೋಡಿ ತೀರ್ಮಾನಿಸುವ ಬದಲು, ಅಲ್ಲಿ ಯಾರ ಜೊತೆ ನಾಲ್ಕು ಮಾತಾಡಲು ಸಾಧ್ಯ ಎಂಬುದನ್ನು ನೋಡಿ ತೀರ್ಮಾನಿಸುವುದು ಒಳ್ಳೆಯದು.

ಏನನ್ನು ನೋಡಿ ಆರಿಸಬೇಕು?

ಮೊದಲನೆಯದು ಬಾಗಿಲು. ಎಲ್ಲರಿಗೂ ತೆರೆದಿದೆಯೇ, ಮೊದಲೇ ಹೆಸರು ನೋಂದಾಯಿಸಬೇಕೇ, ಆಹ್ವಾನಿತರಿಗೆ ಮಾತ್ರವೇ? ‘ಪ್ರಿವ್ಯೂ’ (ಉದ್ಘಾಟನೆಗೆ ಮುಂಚಿನ ವೀಕ್ಷಣೆ) ಎಂದು ಬರೆದಿದ್ದರೆ ಒಮ್ಮೆ ಫೋನ್ ಮಾಡಿ ಕೇಳಿಕೊಳ್ಳಿ. ‘ಉದ್ಘಾಟನೆ’, ‘ಓಪನಿಂಗ್’, ‘ಎಲ್ಲರಿಗೂ ಸ್ವಾಗತ’ ಎಂದಿದ್ದರೆ ಸುಮ್ಮನೆ ಹೋಗಬಹುದು.

ಎರಡನೆಯದು ಕಲಾವಿದರು. ಅವರು ಅಲ್ಲಿರುತ್ತಾರೆಯೇ, ಇದ್ದರೂ ಮಾತಿಗೆ ಸಿಗುತ್ತಾರೆಯೇ? ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ತೂಕ ಇದಕ್ಕೇ. ಇದಕ್ಕೆ ಅಂಟಿಕೊಂಡೇ ಬರುವುದು ಭಾಷೆ: ಮಾತುಕತೆ ಕನ್ನಡದಲ್ಲಿ ನಡೆಯುತ್ತದೆಯೇ, ಇಂಗ್ಲಿಷಿನಲ್ಲೇ ಸಾಗುತ್ತದೆಯೇ?

ಆಮೇಲೆ ಪ್ರದರ್ಶನ ಎಷ್ಟು ದಿನ ಇರುತ್ತದೆ ಎಂಬ ಲೆಕ್ಕ. ತಿಂಗಳುಗಟ್ಟಲೆ ಇರುವುದಕ್ಕೆ ಮೊದಲ ದಿನವೇ ನುಗ್ಗುವ ಅಗತ್ಯವಿಲ್ಲ. ನಾಲ್ಕೇ ದಿನದಲ್ಲಿ ಮುಗಿಯುವುದನ್ನು ‘ಮುಂದಿನ ವಾರ ನೋಡೋಣ’ ಎಂದರೆ ಕಳೆದುಕೊಂಡಿರಿ. ಕೊನೆಗೆ ಖರ್ಚು ಮತ್ತು ರಾತ್ರಿ ಮನೆಗೆ ಮರಳುವ ದಾರಿ. ಕೊಳ್ಳುವ ಯೋಚನೆ ಇದ್ದರೆ ಬಜೆಟ್ಟು.

ಚಿತ್ರಕಲಾ ಪರಿಷತ್ತು: ಮೊದಲ ಸಲ ಹೋಗುವವರಿಗೆ

1960ರಲ್ಲಿ ಹುಟ್ಟಿದ, ಎಂ.ಎಸ್. ನಂಜುಂಡರಾಯರು ಕಟ್ಟಿ ಬೆಳೆಸಿದ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಒಂದಕ್ಕಿಂತ ಹೆಚ್ಚು ಗ್ಯಾಲರಿಗಳಿವೆ. ಕಲಾವಿದರು ದಿನಕ್ಕಿಷ್ಟು ಎಂದು ಬಾಡಿಗೆ ಕಟ್ಟಿ ಅವನ್ನು ಹಿಡಿಯುತ್ತಾರೆ. ಈ ಒಂದು ಸಂಗತಿ ಗೊತ್ತಿದ್ದರೆ ಅಲ್ಲಿನ ಸಂಜೆಯ ಸ್ವಭಾವವೆಲ್ಲ ಅರ್ಥವಾಗುತ್ತದೆ. ಬಾಡಿಗೆ ಕಟ್ಟಿದವರು ಅವರೇ, ಚೌಕಟ್ಟು ಹಾಕಿಸಿದವರು ಅವರೇ, ಆಹ್ವಾನ ಪತ್ರಿಕೆ ಹಂಚಿದವರು ಅವರೇ, ಚಹಾ ಬಿಸ್ಕತ್ತಿಗೆ ಹೇಳಿದವರೂ ಅವರೇ. ಅಂದಮೇಲೆ ಮನೆಯ ಕಾರ್ಯಕ್ರಮಕ್ಕೆ ಬಂದವರನ್ನು ಮಾತಾಡಿಸುವ ಹಾಗೆ ಬಂದವರನ್ನೆಲ್ಲ ಮಾತಾಡಿಸುತ್ತಾರೆ. ಉದ್ಘಾಟನೆಯ ದಿನ ಅವರ ಊರಿನವರು, ನೆಂಟರು, ಕಲಿಸಿದ ಮೇಷ್ಟ್ರು, ಜೊತೆಗೆ ಓದಿದವರು ಬಂದಿರುತ್ತಾರೆ. ದೀಪ ಬೆಳಗುವುದು, ಮುಖ್ಯ ಅತಿಥಿಗಳ ಮಾತು, ಶಾಲು, ಹಾರ, ಫೋಟೊ ಎಲ್ಲ ಸೇರಿ ಅರ್ಧ ಮುಕ್ಕಾಲು ಗಂಟೆ. ಆಮೇಲೆ ಗೋಡೆಯ ಕಡೆ ತಿರುಗಬಹುದು.

ಭಾಷೆಯ ತೊಡಕು ಇಲ್ಲಿ ಬಹುಮಟ್ಟಿಗೆ ಇಲ್ಲ. ಕಲಬುರಗಿ, ಧಾರವಾಡ, ಶಿವಮೊಗ್ಗ, ಮೈಸೂರು ಕಡೆಯಿಂದ ಬಂದು ಪ್ರದರ್ಶನ ಹಾಕುವವರು ಹಲವರು. ಅವರ ಬಳಿ ನೀವು ಕನ್ನಡದಲ್ಲೇ ಶುರುಮಾಡಿದರೆ ಅವರಿಗೂ ಸಮಾಧಾನ. ‘ಇದನ್ನು ಹೇಗೆ ಮಾಡಿದಿರಿ?’ ಎಂಬ ಒಂದು ಪ್ರಶ್ನೆ ಸಾಕು. ‘ಇದರ ಅರ್ಥವೇನು?’ ಎಂದು ಕೇಳಿದರೆ ಬಹಳಷ್ಟು ಕಲಾವಿದರು ತಡವರಿಸುತ್ತಾರೆ. ‘ಹೇಗೆ ಮಾಡಿದಿರಿ?’ ಎಂದರೆ ಮಾತು ತಾನಾಗಿ ಹರಿಯುತ್ತದೆ.

ಒಂದು ಎಚ್ಚಿಂಗ್, ಅಂದರೆ ಲೋಹದ ತಗಡಿನಿಂದ ಕಾಗದದ ಮೇಲೆ ಅಚ್ಚೊತ್ತಿದ ಚಿತ್ರದ ಮುಂದೆ ನಿಂತಿದ್ದೀರಿ ಎಂದುಕೊಳ್ಳಿ. ಚಿತ್ರದ ಕೆಳಗೆ, ಕಾಗದದ ಬಿಳಿ ಅಂಚಿನಲ್ಲಿ, ಪೆನ್ಸಿಲಿನಲ್ಲಿ 3/10 ಎಂದು ಸಣ್ಣದಾಗಿ ಬರೆದಿರುತ್ತದೆ. ಬಲತುದಿಯಲ್ಲಿ ಸಹಿ. ಕಾಗದವನ್ನು ಓರೆಯಾಗಿ ನೋಡಿದರೆ ಚಿತ್ರದ ಸುತ್ತ ಲೋಹದ ತಗಡು ಒತ್ತಿದ ಗುರುತು ತಗ್ಗಾಗಿ ಕಾಣುತ್ತದೆ. ಆ ಅಂಕಿಯ ಬಗ್ಗೆ ಕೇಳಿ. ತಗಡಿನ ಮೇಲೆ ಗೆರೆ ಕೊರೆದು, ಆಮ್ಲದಲ್ಲಿ ಅದ್ದಿ, ಇಂಕು ತುಂಬಿ ಒರೆಸಿ, ಒದ್ದೆ ಕಾಗದವಿಟ್ಟು ಪ್ರೆಸ್ಸಿನಲ್ಲಿ ಒತ್ತಿ ಹತ್ತು ಪ್ರತಿ ತೆಗೆದಿದ್ದಾರೆ, ಅದರಲ್ಲಿ ಇದು ಮೂರನೆಯದು ಎಂದು ಹೇಳುತ್ತಾರೆ. ಎರಡನೆಯ ಪ್ರತಿ ಯಾಕೆ ಇದಕ್ಕಿಂತ ಕಪ್ಪಾಗಿ ಬಂತು ಎಂಬುದನ್ನೂ ಹೇಳಿಯಾರು. ಮುಂದಿನ ಸಲ ಯಾವ ಗ್ಯಾಲರಿಗೆ ಹೋದರೂ ನಿಮ್ಮ ಕಣ್ಣು ಮೊದಲು ಆ ಅಂಚಿಗೇ ಹೋಗುತ್ತದೆ.

ಕೊರತೆಯನ್ನೂ ಹೇಳಬೇಕು. ಬಾಡಿಗೆ ಗ್ಯಾಲರಿ ಆದ್ದರಿಂದ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಒಂದು ಕೋಣೆಯಲ್ಲಿ ಬೆಚ್ಚಿಬೀಳಿಸುವಂಥ ಕೆಲಸ, ಪಕ್ಕದ ಕೋಣೆಯಲ್ಲಿ ಕ್ಯಾಲೆಂಡರಿನಿಂದ ಎತ್ತಿದಂಥ ಕುದುರೆ, ಬುದ್ಧ. ಎರಡನ್ನೂ ಒಂದೇ ಗಂಟೆಯಲ್ಲಿ ನೋಡುವುದೇ ಹೊಸಬರಿಗೆ ಒಳ್ಳೆಯ ತರಬೇತಿ ಎಂದು ನಾನು ನಂಬುತ್ತೇನೆ. ಬೇರೆಯವರು ಆರಿಸಿಕೊಟ್ಟದ್ದನ್ನು ನೋಡಿದರೆ ಅವರ ರುಚಿ ಗೊತ್ತಾಗುತ್ತದೆ, ಆರಿಸದೆ ಇರುವುದನ್ನು ನೋಡಿದರೆ ನಮ್ಮದು. ಇನ್ನೊಂದು ಮಾತು: ಇಲ್ಲಿನ ಪ್ರದರ್ಶನಗಳು ನಾಲ್ಕೈದು ದಿನ, ಹೆಚ್ಚೆಂದರೆ ಒಂದು ವಾರ. ಉದ್ಘಾಟನೆಗೆ ಹೋಗಿ ಇಷ್ಟವಾದರೆ ಮತ್ತೆ ಎರಡು ಮೂರು ದಿನದೊಳಗೇ ಬರಬೇಕು.

ಖಾಸಗಿ ಗ್ಯಾಲರಿಗಳು: ಕೊಳ್ಳುವವರಿಗೆ, ನಿಧಾನವಾಗಿ ನೋಡುವವರಿಗೆ

ಪ್ರೇಮಿಲಾ ಬೈದ್ ಅವರು 1996ರಲ್ಲಿ ಶುರುಮಾಡಿದ ವಿಲ್ಸನ್ ಗಾರ್ಡನ್ನಿನ ಗ್ಯಾಲರಿ ಸುಮುಖ ಈ ಬಗೆಗೆ ಒಳ್ಳೆಯ ಉದಾಹರಣೆ. ಇಲ್ಲಿ ಲೆಕ್ಕಾಚಾರ ತಿರುಗುಮುರುಗು. ಕಲಾವಿದರು ಬಾಡಿಗೆ ಕಟ್ಟುವುದಿಲ್ಲ. ಗ್ಯಾಲರಿಯವರೇ ಅವರನ್ನು ಆರಿಸಿ, ಪ್ರದರ್ಶನದ ಖರ್ಚು ಹೊತ್ತು, ಮಾರಾಟವಾದ ಮೇಲೆ ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ಈ ವ್ಯವಹಾರದಲ್ಲಿ ಗ್ಯಾಲರಿಯ ಪಾಲು ಬೆಲೆಯ ಮೂರನೇ ಒಂದರಿಂದ ಅರ್ಧದವರೆಗೆ ಇರುವುದು ಸಾಮಾನ್ಯ. ಹಾಗಾಗಿ ಆಯ್ಕೆ ಬಿಗಿ. ಗೋಡೆಯ ಮೇಲೆ ಬಂದದ್ದಕ್ಕೆ ಒಂದು ಹಿನ್ನೆಲೆ, ಒಂದು ವಾದ ಇರುತ್ತದೆ.

ಉದ್ಘಾಟನೆಯಲ್ಲಿ ದೀಪ, ಮೈಕು ಇರುವುದು ಅಪರೂಪ. ಜನ ಬರುತ್ತಾರೆ, ಗ್ಲಾಸು ಹಿಡಿದು ಗುಂಪುಗುಂಪಾಗಿ ನಿಲ್ಲುತ್ತಾರೆ, ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಒಬ್ಬರೇ ಹೋದವರಿಗೆ ಮೊದಲ ಹತ್ತು ನಿಮಿಷ ಕಷ್ಟ. ಆ ಹತ್ತು ನಿಮಿಷ ಗೋಡೆಯ ಕಡೆ ಮುಖ ಮಾಡಿ, ಬಾಗಿಲಲ್ಲಿಟ್ಟ ಕಾಗದ ತೆಗೆದುಕೊಂಡು ಒಂದು ಸುತ್ತು ಹಾಕಿ. ಚಿತ್ರ ನೋಡಲು ಬಂದವರು ಚಿತ್ರ ನೋಡುತ್ತಿದ್ದರೆ ಅದಕ್ಕಿಂತ ಸಹಜವಾದದ್ದಿಲ್ಲ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಲ್ಲಿ ನಿಂತಿರುವ ಗ್ಯಾಲರಿಯ ಹುಡುಗ ಅಥವಾ ಹುಡುಗಿಯ ಹತ್ತಿರ ಏನು ಬೇಕಾದರೂ ಕೇಳಬಹುದು. ಹೇಳುವುದು ಅವರ ಕೆಲಸ. ಎಷ್ಟೋ ಸಲ ಅವರಿಗೇ ಕನ್ನಡ ಚೆನ್ನಾಗಿ ಬರುತ್ತದೆ, ಯಾರೂ ಕನ್ನಡದಲ್ಲಿ ಕೇಳಿರುವುದಿಲ್ಲ ಅಷ್ಟೆ.

ಕಲಾವಿದರು ಇರುತ್ತಾರೆ, ಆದರೆ ಸುತ್ತ ಸಂಗ್ರಾಹಕರು, ಗೆಳೆಯರು, ಪತ್ರಕರ್ತರು. ಅವರ ಜೊತೆ ಐದು ನಿಮಿಷ ಸಿಗುವುದು ಅದೃಷ್ಟ. ಅದಕ್ಕಾಗಿ ನನ್ನ ಸಲಹೆ ಬೇರೆ: ಪ್ರದರ್ಶನದ ನಡುವೆ ಒಂದು ದಿನ ವಾಕ್‌ಥ್ರೂ ಇಟ್ಟಿರುತ್ತಾರೆ. ಕಲಾವಿದರೋ, ಕೃತಿಗಳನ್ನು ಆರಿಸಿ ಪ್ರದರ್ಶನ ರೂಪಿಸಿದ ಕ್ಯುರೇಟರೋ ಹತ್ತಿಪ್ಪತ್ತು ಜನರನ್ನು ಕರೆದುಕೊಂಡು ಒಂದೊಂದು ಕೃತಿಯ ಮುಂದೆ ನಿಂತು ಹೇಳುತ್ತಾ ಹೋಗುತ್ತಾರೆ. ಖಾಸಗಿ ಗ್ಯಾಲರಿಯ ಮಟ್ಟಿಗೆ ಉದ್ಘಾಟನೆಗಿಂತ ಇದೇ ಮೇಲು. ಪ್ರದರ್ಶನ ಒಂದು ತಿಂಗಳೋ ಅದಕ್ಕಿಂತ ಹೆಚ್ಚೋ ಇರುವುದರಿಂದ ಆತುರವೂ ಇಲ್ಲ. ವಾರದ ನಡುವೆ ಮಧ್ಯಾಹ್ನ ಮೂರರ ಹೊತ್ತಿಗೆ ಹೋದರೆ ಇಡೀ ಗ್ಯಾಲರಿ ನಿಮ್ಮೊಬ್ಬರದೇ. ಹಲವು ಖಾಸಗಿ ಗ್ಯಾಲರಿಗಳು ಭಾನುವಾರ ಮುಚ್ಚಿರುತ್ತವೆ, ಗಮನದಲ್ಲಿರಲಿ.

ಇನ್ನು ಕೊಳ್ಳುವ ವಿಷಯ. ಗೋಡೆಯ ಮೇಲೆ ಬೆಲೆ ಬರೆದಿರುವುದಿಲ್ಲ. ಟೇಬಲ್ಲಿನ ಹತ್ತಿರ ಹೋಗಿ ಬೆಲೆಪಟ್ಟಿ ಕೇಳಬೇಕು, ಕೇಳುವುದರಲ್ಲಿ ಸಂಕೋಚ ಬೇಡ. ಚೀಟಿಯ ಪಕ್ಕ ಕೆಂಪು ಚುಕ್ಕೆ ಅಂಟಿಸಿದ್ದರೆ ಅದು ಮಾರಾಟವಾಗಿದೆ ಎಂದು. ಒಳ್ಳೆಯ ಕೃತಿಗಳು ಕೆಲವೊಮ್ಮೆ ಉದ್ಘಾಟನೆಗೆ ಮೊದಲೇ ಹೋಗಿರುತ್ತವೆ. ಹಾಗಾಗಿ ನಿಜವಾಗಿಯೂ ಕೊಳ್ಳುವವರು ಒಂದು ವಾರ ಮೊದಲೇ ಪಟ್ಟಿ ಕಳಿಸಿ ಎಂದು ಇಮೇಲ್ ಮಾಡುವುದು ಜಾಣತನ. ಬೆಲೆಗೆ ಜಿಎಸ್‌ಟಿ ಸೇರಿದೆಯೇ, ಚೌಕಟ್ಟು ಸೇರಿದೆಯೇ, ಮನೆಗೆ ತಲುಪಿಸುವ ಖರ್ಚು ಯಾರದು, ಕಲಾವಿದರ ಸಹಿಯಿರುವ ಪ್ರಮಾಣಪತ್ರ ಕೊಡುತ್ತಾರೆಯೇ, ಕಂತಿನಲ್ಲಿ ಕೊಡಬಹುದೇ ಎಂಬ ಪ್ರಶ್ನೆಗಳನ್ನು ಕೇಳಿ. ಕಂತಿಗೆ ಒಪ್ಪುವ ಗ್ಯಾಲರಿಗಳಿವೆ. ಉದ್ಘಾಟನೆಯ ಗದ್ದಲದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಕಲಾವಿದರ ಎದುರೇ ‘ಸ್ವಲ್ಪ ಕಡಿಮೆ ಮಾಡಿ’ ಎನ್ನುವುದು ಅವರಿಗೆ ನೋವು ಕೊಡುತ್ತದೆ.

ಒನ್ ಶಾಂತಿರೋಡ್: ವಿದ್ಯಾರ್ಥಿಗಳಿಗೆ, ಬರೆಯುವವರಿಗೆ, ರಾತ್ರಿ ಮಾತಿಗೆ ಕೂರುವವರಿಗೆ

ಶಾಂತಿನಗರದ ಶಾಂತಿ ರಸ್ತೆಯಲ್ಲಿ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ನಡೆಸುವ ಈ ಜಾಗ ಅತ್ತ ಮನೆಯೂ ಹೌದು, ಇತ್ತ ಸ್ಟುಡಿಯೊ, ಗ್ಯಾಲರಿಯೂ ಹೌದು. ಬೇರೆ ಊರು, ಬೇರೆ ದೇಶಗಳ ಕಲಾವಿದರು ಬಂದು ಉಳಿದು ಕೆಲಸ ಮಾಡುತ್ತಾರೆ. ಕೆಲಸ ಒಂದು ಹಂತಕ್ಕೆ ಬಂದಾಗ ಒಂದು ಸಂಜೆ ಬಾಗಿಲು ತೆರೆಯುತ್ತಾರೆ. ಕೆಲವು ಪ್ರದರ್ಶನಗಳಿಗೆ ಬಹಳ ಕಡಿಮೆ ಆಯುಸ್ಸು. ಇಲ್ಲಿ ಮಾತ್ರ ಉದ್ಘಾಟನೆಯನ್ನು ತಪ್ಪಿಸಬೇಡಿ ಎಂದು ಒತ್ತಿ ಹೇಳುತ್ತೇನೆ.

ವೇದಿಕೆ ಇಲ್ಲ, ಮುಖ್ಯ ಅತಿಥಿ ಇಲ್ಲ. ಕಲಾವಿದರು ನಿಮ್ಮ ಪಕ್ಕದಲ್ಲೇ ಗೋಡೆಗೊರಗಿ ನಿಂತಿರುತ್ತಾರೆ. ಬೆಂಗಳೂರಿನಲ್ಲಿ ಈಗಷ್ಟೇ ಏನು ನಡೆಯುತ್ತಿದೆ, ಹುಡುಗರು ಏನನ್ನು ಹಚ್ಚಿಕೊಂಡಿದ್ದಾರೆ ಎಂಬುದು ಬೇರೆಲ್ಲೂ ಇಷ್ಟು ಬೇಗ ತಿಳಿಯುವುದಿಲ್ಲ. ಕಲಾಶಾಲೆಯಲ್ಲಿ ಓದುತ್ತಿರುವವರಿಗೆ ಮುಂದಿನ ರೆಸಿಡೆನ್ಸಿ (ಒಂದು ಕಡೆ ಉಳಿದು ಕೆಲಸ ಮಾಡುವ ಅವಕಾಶ), ಮುಂದಿನ ಗ್ರೂಪ್ ಶೋ ಇಂಥ ಮಾತುಕತೆಗಳಲ್ಲೇ ಹುಟ್ಟುತ್ತದೆ. ಇಂಗ್ಲಿಷಿನ ಪ್ರಮಾಣ ಹೆಚ್ಚೇ. ಆದರೆ ಕನ್ನಡದವರೂ ಸಾಕಷ್ಟು ಇರುತ್ತಾರೆ, ಹುಡುಕಿದರೆ ಸಿಗುತ್ತಾರೆ.

ತೊಡಕೆಂದರೆ, ನೋಡುವುದಕ್ಕೆ ಚೌಕಟ್ಟಿನ ಚಿತ್ರವೇ ಇರಬೇಕೆಂದಿಲ್ಲ. ನೆಲದ ಮೇಲೆ ಹರಡಿದ ಮಣ್ಣು, ಒಂದು ವಿಡಿಯೊ, ಒಬ್ಬರ ಮೌನದ ಪರ್ಫಾರ್ಮೆನ್ಸ್, ಏನೂ ಇರಬಹುದು. ‘ಇದರಲ್ಲಿ ಕಲೆ ಎಲ್ಲಿದೆ?’ ಎಂಬ ಸಿಟ್ಟು ಬರುವುದು ಇಲ್ಲೇ. ಈ ಸಿಟ್ಟಿನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ಕನ್ನಡದ ನೋಡುಗರು ಇನ್‌ಸ್ಟಾಲೇಷನ್ (ವಸ್ತುಗಳನ್ನು ಜಾಗದಲ್ಲಿ ಜೋಡಿಸಿ ಮಾಡುವ ಕಲೆ) ಎಂದರೆ ತಮಗಲ್ಲ ಎಂದು ದೂರ ಸರಿಯುತ್ತಾರೆ, ನನ್ನ ಪ್ರಕಾರ ಅದಕ್ಕೆ ಕಾರಣವೇ ಇಲ್ಲ.

ಶೀಲಾ ಗೌಡ ಅವರನ್ನೇ ತೆಗೆದುಕೊಳ್ಳಿ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದವರು, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತವರು, ಆಮೇಲೆ ಶಾಂತಿನಿಕೇತನ, ಲಂಡನ್. ಬಣ್ಣದ ಚಿತ್ರ ಬರೆಯುತ್ತಿದ್ದವರು 1990ರ ದಶಕದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ಮುಂದೆ ನೂರಾರು ಸೂಜಿಗಳಿಗೆ ದಾರ ಪೋಣಿಸಿ, ಆ ದಾರಗಳನ್ನು ಕುಂಕುಮ ಮೆತ್ತಿದ ಹಗ್ಗವಾಗಿ ಒಟ್ಟುಮಾಡಿ, ಗೋಡೆ ನೆಲಗಳ ಮೇಲೆ ಹಾವಿನಂತೆ ಹರಿಯಬಿಟ್ಟರು. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಅಂಗಳ ಸಾರಿಸಿದ ಅಜ್ಜಿಯನ್ನು ಕಂಡವರಿಗೆ, ಕುಂಕುಮದ ಬಣ್ಣ ಯಾವ ಯಾವ ಗಳಿಗೆಯಲ್ಲಿ ಕಾಣುತ್ತದೆ, ಯಾವ ಗಳಿಗೆಯಲ್ಲಿ ಅಳಿಸುತ್ತಾರೆ ಎಂದು ಬಲ್ಲವರಿಗೆ ಈ ಕೆಲಸವನ್ನು ಯಾರೂ ಇಂಗ್ಲಿಷಿನಲ್ಲಿ ವಿವರಿಸಬೇಕಿಲ್ಲ. ಹಾಗೆಯೇ ಬೆಂಗಳೂರಿನವರೇ ಆದ ಎನ್. ಪುಷ್ಪಮಾಲಾ ತಾವೇ ವೇಷ ಹಾಕಿ, ರವಿವರ್ಮನ ಚಿತ್ರದ ಹೆಣ್ಣಾಗಿ ಕ್ಯಾಮೆರಾ ಮುಂದೆ ನಿಂತರೆ, ಮನೆಯ ಗೋಡೆಯಲ್ಲಿ ಆ ಲಕ್ಷ್ಮಿ, ಸರಸ್ವತಿಯ ಪಟ ನೋಡಿಕೊಂಡೇ ಬೆಳೆದವರಿಗೆ ಥಟ್ಟನೆ ಏನೋ ತಟ್ಟುತ್ತದೆ. ವಸ್ತುವಿನ ನೆನಪು ನಮ್ಮಲ್ಲೇ ಇದೆ. ಗ್ಯಾಲರಿಯವರು ಅಂಟಿಸಿದ ಬರಹ ಕಠಿಣವಾಗಿದ್ದರೆ ಅದನ್ನು ಬಿಟ್ಟು ವಸ್ತುವಿನ ಹತ್ತಿರ ಹೋಗಿ. ಏನಿಂದ ಮಾಡಿದ್ದು, ಆ ವಸ್ತುವನ್ನು ನಮ್ಮ ಊರಿನಲ್ಲಿ ಯಾರು, ಯಾವಾಗ ಮುಟ್ಟುತ್ತಾರೆ ಎಂದು ಯೋಚಿಸಿ. ಅರ್ಧ ದಾರಿ ಅಲ್ಲೇ ಸಾಗಿರುತ್ತದೆ.

ಎನ್‌ಜಿಎಂಎ, ಮ್ಯಾಪ್: ಉದ್ಘಾಟನೆ ಬಿಟ್ಟರೂ ನಷ್ಟವಿಲ್ಲ

ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ 2009ರಿಂದ ಇರುವ ಎನ್‌ಜಿಎಂಎ, ಅಂದರೆ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ದೊಡ್ಡ ಪ್ರದರ್ಶನಗಳ ಜಾಗ. ಒಬ್ಬ ಕಲಾವಿದರ ಇಡೀ ಬದುಕಿನ ಕೆಲಸವನ್ನು ಒಟ್ಟಿಗೆ ನೋಡಲು ಸಿಗುವುದು ಇಂಥಲ್ಲಿ. ಉದ್ಘಾಟನೆ ಸರ್ಕಾರಿ ಶಿಷ್ಟಾಚಾರದ್ದು: ಗಣ್ಯರು, ಸಭಾಂಗಣ, ಭಾಷಣ. ಆ ಹೊತ್ತಿನಲ್ಲಿ ಚಿತ್ರ ನೋಡುವುದೂ ಕಷ್ಟ, ಕಲಾವಿದರನ್ನು ಮಾತಾಡಿಸುವುದೂ ಕಷ್ಟ. ಪ್ರದರ್ಶನ ವಾರಗಟ್ಟಲೆ ಇರುತ್ತದೆ. ಟಿಕೆಟ್ ದುಬಾರಿಯಲ್ಲ, ಸೋಮವಾರ ರಜೆ, ಒಳಗೆ ದೊಡ್ಡ ಮರಗಳ ನೆರಳಿದೆ. ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ನಾನು ಇದನ್ನೇ ಹೇಳುತ್ತೇನೆ, ಆದರೆ ಬೆಳಗಿನ ಹೊತ್ತು.

ಕಸ್ತೂರಬಾ ರಸ್ತೆಯ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ, 2023ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅಭಿಷೇಕ್ ಪೊದ್ದಾರ್ ಅವರ ಸಂಗ್ರಹದಿಂದ ಬೆಳೆದ ಖಾಸಗಿ ವಸ್ತುಸಂಗ್ರಹಾಲಯ. ಹೊಸ ಪ್ರದರ್ಶನದ ಮೊದಲ ಸಂಜೆ ಸದಸ್ಯರಿಗೆ, ಆಹ್ವಾನಿತರಿಗೆ ಮೀಸಲಾಗಿರಬಹುದು, ಕೇಳಿಕೊಂಡು ಹೋಗಿ. ಇಲ್ಲಿ ಉದ್ಘಾಟನೆಗಿಂತ ಉಪನ್ಯಾಸ, ವಾಕ್‌ಥ್ರೂಗಳಿಗೆ ಹೋಗುವುದು ಲಾಭ. ಲಿಫ್ಟ್ ಇದೆ, ಗಾಲಿಕುರ್ಚಿಯವರಿಗೂ ಅನುಕೂಲ. ಅದೇ ರಸ್ತೆಯಲ್ಲಿರುವ ವೆಂಕಟಪ್ಪ ಕಲಾ ಗ್ಯಾಲರಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದನ್ನು ಖಾಸಗಿ ಸಂಸ್ಥೆಯೊಂದಕ್ಕೆ ವಹಿಸುವ ಪ್ರಸ್ತಾಪ ಬಂದಾಗ 2016ರಲ್ಲಿ ಈ ಊರಿನ ಕಲಾವಿದರು ಬೀದಿಗಿಳಿದರು. ಕಡಿಮೆ ಬಾಡಿಗೆಯ ಸಾರ್ವಜನಿಕ ಗ್ಯಾಲರಿ ಇಲ್ಲವಾದರೆ ಹೊಸ ಹುಡುಗರಿಗೆ ಮೊದಲ ಪ್ರದರ್ಶನಕ್ಕೆ ಗೋಡೆಯೇ ಇರುವುದಿಲ್ಲ ಎಂಬುದು ಅವರ ಅಳಲು. ಅಂಥ ಗೋಡೆಗಳ ಮೇಲೆ ನಡೆಯುವ ಉದ್ಘಾಟನೆಗಳಿಗೆ ಹೋಗುವುದೂ ಒಂದು ಬೆಂಬಲವೇ.

ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ ಬೆಂಗಳೂರಿಗೆ ಪ್ರವೇಶ ಉಚಿತ. ಕಲೆ ವಿಜ್ಞಾನ ಎರಡೂ ಬೆರೆತ ಪ್ರದರ್ಶನಗಳು, ಪಕ್ಕದಲ್ಲಿ ನಿಂತು ವಿವರಿಸುವ ತರುಣರು. ಹೈಸ್ಕೂಲು, ಪಿಯುಸಿ ಮಕ್ಕಳಿರುವ ಮನೆಯವರಿಗೆ ಹೇಳಿ ಮಾಡಿಸಿದ್ದು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನಗಳಲ್ಲೂ ಆಗಾಗ ಪ್ರದರ್ಶನಗಳು ನಡೆಯುತ್ತವೆ. ಆ ಕಡೆ ಮನೆಯಿದ್ದರೆ ಸರಿ, ಅದಕ್ಕಾಗಿಯೇ ಬಸವನಗುಡಿಯಿಂದ ಹೊರಡಬೇಕಿಲ್ಲ.

ಖರ್ಚು ಮತ್ತು ದಾರಿ

ಸಂಜೆಯ ಖರ್ಚೆಂದರೆ ಹೋಗಿಬರುವುದಷ್ಟೆ. ಕಸ್ತೂರಬಾ ರಸ್ತೆಗೆ ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಪರಿಷತ್ತಿಗೆ ಹಸಿರು ಮಾರ್ಗದ ಸಂಪಿಗೆ ರಸ್ತೆ ನಿಲ್ದಾಣದಿಂದ ಆಟೊ ಹಿಡಿಯುವುದು ಸುಲಭ. ಶಾಂತಿನಗರ, ವಿಲ್ಸನ್ ಗಾರ್ಡನ್‌ಗಳಿಗೆ ಬಸ್ಸೇ ಸರಿ, ಶಾಂತಿನಗರದ ಬಸ್ ನಿಲ್ದಾಣ ದೊಡ್ಡದು, ಎಲ್ಲ ಕಡೆಗೂ ಬಸ್ಸಿದೆ. ಆದರೆ ಶಾಂತಿ ರಸ್ತೆಯ ಮಾತುಕತೆ ಒಂಬತ್ತು ದಾಟುವುದುಂಟು. ದೂರದ ಬಡಾವಣೆಯವರು, ಒಬ್ಬರೇ ಹೋಗುವ ಹೆಣ್ಣುಮಕ್ಕಳು ವಾಪಸ್ಸಿನ ಕ್ಯಾಬ್ ಖರ್ಚನ್ನೂ ಲೆಕ್ಕಕ್ಕೆ ಹಿಡಿದೇ ಆರಿಸಬೇಕು. ಪರಿಷತ್ತಿನ ಕಾರ್ಯಕ್ರಮ ಬೇಗ ಮುಗಿಯುತ್ತದೆ, ಕೆಲವು ಉದ್ಘಾಟನೆಗಳು ಬೆಳಗ್ಗೆಯೇ ಇರುತ್ತವೆ.

ಕೊಳ್ಳುವ ಬಜೆಟ್ಟಿನ ಪ್ರಕಾರ ಹೇಳುವುದಾದರೆ, ಕೆಲವೇ ಸಾವಿರ ರೂಪಾಯಿ ಇರುವವರು ಉದ್ಘಾಟನೆಗಳಿಗಿಂತ ಚಿತ್ರಸಂತೆಯನ್ನು ಕಾಯುವುದು ಮೇಲು. ಈ ಸಂತೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ, ಕುಮಾರಕೃಪಾ ರಸ್ತೆಯುದ್ದಕ್ಕೂ ನಡೆಯುತ್ತದೆ. ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಮೇಲೇ ಕುಳಿತಿರುತ್ತಾರೆ. ಜನಜಂಗುಳಿ ವಿಪರೀತ, ಬೆಳಗ್ಗೆ ಎಂಟು ಒಂಬತ್ತಕ್ಕೇ ಹೋಗಬೇಕು. ಅದಕ್ಕಿಂತ ಸ್ವಲ್ಪ ಹೆಚ್ಚು ಕೈಯಲ್ಲಿದ್ದರೆ ಪರಿಷತ್ತಿನ ಪ್ರದರ್ಶನಗಳಲ್ಲಿ ಎಚ್ಚಿಂಗಿನಂಥ ಮುದ್ರಣ ಕೃತಿಗಳನ್ನು, ಕಾಗದದ ಮೇಲಿನ ರೇಖಾಚಿತ್ರಗಳನ್ನು ಹುಡುಕಿ. ಅದೇ ಕಲಾವಿದರ ಕ್ಯಾನ್ವಾಸಿಗಿಂತ ಇವುಗಳ ಬೆಲೆ ಬಹಳ ಕಡಿಮೆ, ಕೈಯ ಗುಣ ಅದೇ. ಲಕ್ಷಗಳ ಮಾತಾದರೆ ಖಾಸಗಿ ಗ್ಯಾಲರಿಗೇ ಹೋಗಿ. ದಾಖಲೆ, ಜವಾಬ್ದಾರಿ, ಮುಂದೆ ಮಾರಬೇಕೆನಿಸಿದರೆ ಒಂದು ದಾರಿ ಎಲ್ಲ ಅಲ್ಲಿ ಸಿಗುತ್ತದೆ. ಹೂಡಿಕೆ ಎಂದುಕೊಂಡು ಮಾತ್ರ ಕೊಳ್ಳಬೇಡಿ. ಹತ್ತು ವರ್ಷ ದಿನಾ ನೋಡಬಹುದೇ ಎಂದು ಕೇಳಿಕೊಂಡು ಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ಇದುವರೆಗೆ ಒಂದೂ ಉದ್ಘಾಟನೆಗೆ ಹೋಗದವರು ಪರಿಷತ್ತಿನಿಂದ ಶುರುಮಾಡಿ, ಬೇರೆ ಯೋಚನೆಯೇ ಬೇಡ. ಕಲಾಶಾಲೆಯಲ್ಲಿ ಓದುವವರು ಶಾಂತಿ ರಸ್ತೆಗೆ ತಪ್ಪದೆ ಹೋಗಿ, ತಿಂಗಳಿಗೊಮ್ಮೆಯಾದರೂ ಒಂದು ಖಾಸಗಿ ಗ್ಯಾಲರಿಯ ಸಂಜೆಗೂ ಹೋಗಿ. ಕೃತಿಯನ್ನು ಹೇಗೆ ತೂಗುಹಾಕುತ್ತಾರೆ, ಬೆಳಕು ಹೇಗೆ ಬಿಡುತ್ತಾರೆ ಎಂಬುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೊದಲ ಕೃತಿ ಕೊಳ್ಳುವ ದಂಪತಿ ಮೂರು ನಾಲ್ಕು ತಿಂಗಳು ಎಲ್ಲ ಕಡೆ ನೋಡುತ್ತಾ ಹೋಗಿ, ಮನಸ್ಸಿನಲ್ಲಿ ಉಳಿದದ್ದನ್ನು ಮಾತ್ರ ವಿಚಾರಿಸಿ. ನಿವೃತ್ತರಿಗೆ ಹಗಲು ಸಮಯವಿದೆ, ಅದೇ ಅವರ ದೊಡ್ಡ ಅನುಕೂಲ: ಉದ್ಘಾಟನೆಯ ಮರುದಿನ ಹನ್ನೊಂದಕ್ಕೆ ಪರಿಷತ್ತಿಗೆ ಹೋದರೆ ಕಲಾವಿದರು ಒಬ್ಬರೇ ಕುಳಿತಿರುತ್ತಾರೆ, ಗಂಟೆಗಟ್ಟಲೆ ಮಾತಾಡಬಹುದು. ಗದ್ದಲ ಆಗದವರಿಗೂ ಇದೇ ಮಾತು. ಹುಬ್ಬಳ್ಳಿ, ಮಂಗಳೂರುಗಳಿಂದ ಒಂದೇ ದಿನಕ್ಕೆ ಬರುವವರು ಶನಿವಾರ ಬನ್ನಿ. ಬೆಳಗ್ಗೆ ಎನ್‌ಜಿಎಂಎ, ಮಧ್ಯಾಹ್ನ ಕಸ್ತೂರಬಾ ರಸ್ತೆ, ಸಂಜೆ ಎಲ್ಲಿ ಉದ್ಘಾಟನೆ ಇದೆಯೋ ಅಲ್ಲಿಗೆ. ರಾತ್ರಿಯ ಬಸ್ಸು, ರೈಲಿಗೆ ಸಾಕಷ್ಟು ಸಮಯ ಉಳಿಯುತ್ತದೆ.

ಹೋದಲ್ಲಿ ಕೆಲವು ರೂಢಿಗಳಿವೆ. ಬೆನ್ನಿನ ಬ್ಯಾಗನ್ನು ಬಾಗಿಲಲ್ಲಿ ಬಿಡಿ ಅಥವಾ ಮುಂದಕ್ಕೆ ಹಾಕಿಕೊಳ್ಳಿ, ತಿರುಗುವಾಗ ಕೃತಿಗೆ ತಗಲುವುದು ಅದೇ. ಚಹಾದ ಕಪ್ಪು ಹಿಡಿದು ಚಿತ್ರದ ಹತ್ತಿರ ಹೋಗಬೇಡಿ. ಫೋಟೊ ತೆಗೆಯುವ ಮುನ್ನ ಕೇಳಿ, ಫ್ಲಾಷ್ ಬೇಡವೇ ಬೇಡ. ಸೆಲ್ಫಿಗೆ ಮೊದಲು ಚಿತ್ರಕ್ಕೆ ಎರಡು ನಿಮಿಷ ಕೊಡಿ.

ಉದ್ಘಾಟನೆಗಳ ಸುದ್ದಿ ಪತ್ರಿಕೆಗಳ ‘ನಗರದಲ್ಲಿ ಇಂದು’ ಅಂಕಣದಲ್ಲಿ ಬರುತ್ತದೆ, ಗ್ಯಾಲರಿಗಳ ಇನ್‌ಸ್ಟಾಗ್ರಾಂ ಪುಟಗಳಲ್ಲಿ ಇನ್ನೂ ಬೇಗ. ಎಲ್ಲಕ್ಕಿಂತ ಖಚಿತವಾದ ದಾರಿ ಬಾಗಿಲ ಬಳಿಯ ವಿಸಿಟರ್ಸ್ ಪುಸ್ತಕ. ಅದರಲ್ಲಿ ‘ಚೆನ್ನಾಗಿದೆ, ಶುಭವಾಗಲಿ’ ಎಂದಷ್ಟೇ ಬರೆದು ಬರಬೇಡಿ. ಯಾವ ಕೃತಿ, ಯಾಕೆ ಹಿಡಿಸಿತು ಎಂದು ಕನ್ನಡದಲ್ಲೇ ಎರಡು ಸಾಲು ಬರೆಯಿರಿ, ಪಕ್ಕದಲ್ಲಿ ಫೋನ್ ನಂಬರು ಬರೆಯಿರಿ. ಪ್ರದರ್ಶನ ಮುಗಿದ ಮೇಲೆ ಕಲಾವಿದರು ಆ ಪುಸ್ತಕವನ್ನು ಮನೆಗೆ ಒಯ್ದು ಪುಟ ಬಿಡದೆ ಓದುತ್ತಾರೆ. ಅವರ ಮುಂದಿನ ಪ್ರದರ್ಶನದ ಆಹ್ವಾನ ನಿಮ್ಮ ವಾಟ್ಸ್ಯಾಪಿಗೆ ನೇರವಾಗಿ ಬರುತ್ತದೆ, ಅವರ ಗೆಳೆಯರದ್ದೂ.